ಇಪ್ಪತ್ತಮೂರನೇ ಪುಟದ ಕಂಬಳಿ

ನಮೂನೆಯ ಕೆಳಭಾಗದಲ್ಲಿ ಹತ್ತು ಗೆರೆಗಳಿದ್ದವು. ಹತ್ತರ ಮೇಲೂ ಸಹಿ ಬೇಕು, ಹೆಬ್ಬೆಟ್ಟು ನಡೆಯುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಅದು 1998ರ ಏಪ್ರಿಲ್. ಗುಡೇಕೋಟೆಯ ಕಲಿಕಾ ಕೇಂದ್ರಕ್ಕೆ ತಾಲ್ಲೂಕಿನ ಕಚೇರಿಯಿಂದ ಮೂರು ಪುಸ್ತಕಗಳು ಬಂದಿದ್ದವು. ಮೂರೂ ಭೌತವಿಜ್ಞಾನದವು, ಶಾಲೆ ಮೆಟ್ಟಿಲು ಹತ್ತದವರೂ ಓದಬಹುದಾದವು ಎಂದು ಜೊತೆಗಿದ್ದ ಪತ್ರ ಹೇಳುತ್ತಿತ್ತು. ಕೇಂದ್ರದ ಓದುಗರು ಮೂರನ್ನೂ ನೋಡಿ ಒಂದನ್ನು ಆರಿಸಬೇಕು. ಆರಿಸಿದ್ದರ ಇಪ್ಪತ್ತು ಪ್ರತಿಗಳು ಬರುತ್ತವೆ, ಒಬ್ಬೊಬ್ಬರು ಒಂದೊಂದನ್ನು ಮನೆಗೆ ಒಯ್ದು ಇಟ್ಟುಕೊಳ್ಳಬಹುದು. ಸಹಿಯಾದ ನಮೂನೆ ಸೋಮವಾರದೊಳಗೆ ಕೂಡ್ಲಿಗಿ ತಲುಪದಿದ್ದರೆ ಕಚೇರಿಯೇ ತನ್ನ ಬಳಿ ಹೆಚ್ಚು ಇರುವುದನ್ನು ಕಳಿಸುತ್ತದೆ.

ಕೇಂದ್ರ ನಡೆಸುತ್ತಿದ್ದವಳು ಸಂಗೀತಾ. ಪಿಯುಸಿ ಮುಗಿಸಿದ್ದ ಇಪ್ಪತ್ತನಾಲ್ಕರ ಹುಡುಗಿ. ಅವಳ ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರುಗಳಿದ್ದರೂ ಅರ್ಧಕ್ಕಿಂತ ಹೆಚ್ಚು ಜನ ಕುರಿ ಹೊಡೆದುಕೊಂಡು ಕಾಲುವೆ ಕಡೆಯ ಗದ್ದೆಗಳಿಗೆ ಹೋಗಿದ್ದರು. ಬೇಸಿಗೆ ಕಳೆದ ಮೇಲೆಯೇ ಅವರು ಮರಳುವುದು. ಊರಲ್ಲಿ ಉಳಿದವರಲ್ಲಿ ಸಹಿ ಹಾಕಬಲ್ಲವರನ್ನು ಅವಳು ಎರಡು ಸಲ ಎಣಿಸಿದಳು. ಎರಡು ಸಲವೂ ಹತ್ತೇ ಬಂತು.

ಆ ಹತ್ತರಲ್ಲಿ ದ್ಯಾಮಕ್ಕ ಒಬ್ಬಳು. ವಯಸ್ಸು ನಲವತ್ತಾರು, ಕೆಲಸ ಉಣ್ಣೆ ನೂಲುವುದು. ನಲವತ್ತೊಂದನೆಯ ವಯಸ್ಸಿಗೆ ಅಕ್ಷರ ಕಲಿತಿದ್ದಳು. ಗಿಡ ನೆಡುವುದು, ಕೈ ತೊಳೆಯುವುದು, ನೀರು ಕಾಯಿಸಿ ಕುಡಿಯುವುದು ಎಂದು ದೊಡ್ಡ ಅಕ್ಷರದಲ್ಲಿ ಹೇಳುವ ಕೇಂದ್ರದ ಪುಸ್ತಿಕೆಗಳನ್ನೆಲ್ಲ ಮೂರು ಮೂರು ಸಲ ಓದಿ ಮುಗಿಸಿದ್ದಳು. ಹಿಂದಿನ ತಿಂಗಳು ಸಂಗೀತಾಳ ಬಳಿ ಅವಳು ಒಂದು ಮಾತು ಹೇಳಿದ್ದಳು: "ಇವೆಲ್ಲಾ ಹಂಗ ಮಾಡು, ಹಿಂಗ ಮಾಡು ಅಂತಾವ. ಯಾಕ ಅಂತ ಹೇಳೋ ಪುಸ್ತಕ ಒಂದರ ಕೊಡವ್ವಾ. ಮನ್ಯಾಗ ಇಟ್ಕಂತೀನಿ." ಅವಳ ಮನೆಯಲ್ಲಿ ಅಲ್ಲಿಯವರೆಗೆ ಕ್ಯಾಲೆಂಡರ್ ಬಿಟ್ಟರೆ ಅಚ್ಚಾದ ಬೇರೆ ಏನೂ ಇರಲಿಲ್ಲ.

ಅವಳ ಗಂಡ ಚೌಡಣ್ಣ ಕಂಬಳಿ ನೇಯುವವನು. ಹತ್ತರಲ್ಲಿ ಅವನೂ ಒಬ್ಬ. ಹೆಂಡತಿಯ ಜೊತೆಗೇ ಕಲಿಯಲು ಕೂತವನು, ಹೆಂಡತಿ ಮುಂದೆ ಹೋದ ಮೇಲೆ ಕನ್ನಡಕದ ಮೇಲೆ ತಪ್ಪು ಹೊರಿಸುತ್ತ ಹಿಂದೆ ಉಳಿದವನು.

ಶುಕ್ರವಾರ ಸಂಜೆ ಹತ್ತು ಜನವೂ ಕೇಂದ್ರದ ಕಟ್ಟೆಯ ಮೇಲೆ ಸೇರಿದರು. ಹೇಗೆ ಆರಿಸುವುದು ಎಂಬುದನ್ನು ಗಾದೆಪ್ಪನೇ ಹೇಳಿದ. ಗಾದೆಪ್ಪ ಕುರಿಗಾರ; ಆ ವರ್ಷ ಅಣ್ಣ ಕುರಿ ಜೊತೆ ಹೋಗಿದ್ದರಿಂದ ಊರಲ್ಲಿ ಉಳಿದಿದ್ದ.

"ಸಂತ್ಯಾಗ ಕುರಿ ತಗಳ್ಳುವಾಗ ಮೈಮ್ಯಾಲಿನ ಉಣ್ಣೆ ನೋಡ್ತೀವೇನು? ಬಾಯಿ ತೆಗಿಸಿ ಹಲ್ಲು ನೋಡ್ತೀವಿ. ಇದಕ್ಕೂ ನಡುವಿನ ಹಾಳಿ ತೆಗೀರಿ. ಒಬ್ರು ಓದ್ರಿ. ಓದಿ ಮುಚ್ಚಿಟ್ಟು, ಏನು ಓದಿದ್ವಿ ಅಂತ ನಮಗ ಹೇಳ್ರಿ. ಹೇಳಾಕ ಬಂದ್ರ ಹಲ್ಲು ಗಟ್ಟಿ ಐತಿ ಅಂತ."

ಸಂಗೀತಾಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯಲಿಲ್ಲ.

ಚೌಡಣ್ಣ ಅದಕ್ಕೂ ಮೊದಲು ತನ್ನ ಪರೀಕ್ಷೆ ಮಾಡಿದ. ಮೂರೂ ಪುಸ್ತಕಗಳ ಬೆನ್ನು ಮುರಿಯುವಂತೆ ಅಗಲಿಸಿ ನೋಡಿ, "ಕೆಂಪುದಕ್ಕ ಪಿನ್ನು ಹೊಡದಾರ. ನೀಲಿದು ಬರೇ ಅಂಟು, ಎರಡು ಮಳಿಗಾಲ ತಡಿಯಂಗಿಲ್ಲ. ಈ ಹಳದಿದು ನೋಡ್ರಿ, ದಾರದ ಹೊಲಿಗಿ. ಇದು ಕೆಲಸ" ಎಂದ. ಆ ಕ್ಷಣದಲ್ಲಿ ಹಳದಿ ಪುಸ್ತಕಕ್ಕೆ ಅವನಿಗಿಂತ ದೊಡ್ಡ ಬೆಂಬಲಿಗನಿರಲಿಲ್ಲ. ಇದನ್ನು ನೆನಪಿಡಬೇಕು.

ಕೆಂಪು ಪುಸ್ತಕದ ನಡುವಿನ ಪುಟವನ್ನು ಎರ್ರೆಮ್ಮ ಓದಿದಳು. ಅವಳದು ಊರಲ್ಲಿ ಕಿರಾಣಿ ಅಂಗಡಿ. ನಿವ್ವಳ ಬಲ, ಸಂವೇಗ, ಬದಲಾವಣೆಯ ದರ, ಸಮಾನುಪಾತ ಎಂದು ಒಂದು ಅಕ್ಷರವೂ ತಪ್ಪದೆ ಓದಿದಳು. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟಳು.

"ಹೇಳು," ಎಂದ ಗಾದೆಪ್ಪ.

"ಓದಿದ್ನಲ್ಲ, ಇನ್ನೇನು ಹೇಳ್ಲಿ. ಎಲ್ಲಾ ಓದ್ದೆ. ಒಳಗ ಏನೂ ಬರ್ಲಿಲ್ಲ."

ನೀಲಿ ಪುಸ್ತಕದ ತುಂಬ ಚಿತ್ರಗಳಿದ್ದವು. ಅದನ್ನು ಗಾದೆಪ್ಪ ಓದಿದ. ಸೂರ್ಯ ಅದ್ಭುತ, ನಕ್ಷತ್ರಗಳು ಅದ್ಭುತ, ಬೆಳಕಿನ ವೇಗ ಅದ್ಭುತ. ಒಂದೇ ಪುಟದಲ್ಲಿ ಆ ಪದ ಹನ್ನೊಂದು ಸಲ ಬಂದದ್ದನ್ನು ಸಂಗೀತಾ ಎಣಿಸಿದಳು. ಗಾದೆಪ್ಪ ಪುಸ್ತಕ ಮುಚ್ಚಿ, "ಎಲ್ಲಾ ಭಾಳ ದೊಡ್ಡುವು ಅದಾವಂತ, ಭಾಳ ದೂರ ಅದಾವಂತ" ಎಂದ.

"ಯಾಕಂತ?" ಎಂದಳು ದ್ಯಾಮಕ್ಕ.

"ಅದು ಇದ್ರಾಗಿಲ್ಲ. ನಮ್ಮ ಸೋದರಮಾವ ಹೊಸಪೇಟಿ ನೋಡಿಬಂದು ಹೇಳ್ದಂಗ ಐತಿ."

ಹಳದಿ ಪುಸ್ತಕ ದ್ಯಾಮಕ್ಕನ ಪಾಲಿಗೆ ಬಂತು. ನಡುವಿನ ಪುಟದಲ್ಲಿ ಮಣ್ಣಿನ ಗಡಿಗೆಯ ನೀರು ಏಕೆ ತಣ್ಣಗಿರುತ್ತದೆ ಎಂದಿತ್ತು. ಅವಳು ನಿಧಾನವಾಗಿ, ಬೆರಳಿಟ್ಟು ಓದಿದಳು. ಮುಚ್ಚಿಟ್ಟು ಹೇಳಿದಳು:

"ಗಡಿಗಿ ಮೈಯಾಗ ಸಣ್ಣ ಸಣ್ಣ ತೂತು ಅದಾವ. ಅದ್ರಾಗಿಂದ ನೀರು ಹೊರಗ ಜಿನುಗತೈತಿ. ಹೊರಗ ಬಂದ ನೀರು ಆರತೈತಿ. ಆರಾಕ ಕಾವು ಬೇಕಲ್ಲ, ಅದನ್ನ ಒಳಗಿನ ನೀರಿಂದ ತಗಂತೈತಿ. ಕಾವು ಕೊಟ್ಟ ನೀರು ತಣ್ಣಗಾಗತೈತಿ." ತಾನಾಗಿಯೇ ಸೇರಿಸಿದಳು: "ಅದಕ್ಕ ನೋಡ್ರಿ ಹಳೇ ಗಡಿಗಿ ತಣ್ಣಗ ಇಡಂಗಿಲ್ಲ. ತೂತು ಕಟ್ಟಿಕಂಡಿರ್ತಾವ. ಇದು ಪುಸ್ತಕದಾಗಿಲ್ಲ, ನಾ ಹೇಳಿದ್ದು."

ಗಾದೆಪ್ಪ ಪೂರ್ತಿ ಬೆಳೆದ ಕುರಿಯ ಲೆಕ್ಕದಲ್ಲೇ, "ಇದಕ್ಕ ಎಂಟೂ ಹಲ್ಲು ಅದಾವ" ಎಂದ.

ಆರಿಸುವ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಸಂಗೀತಾ ನಮೂನೆ ತೆಗೆದು ಹಳದಿ ಪುಸ್ತಕದ ಹೆಸರು ಬರೆದಳು, ಒಂಬತ್ತು ಸಹಿ ಬಿದ್ದವು. ಹತ್ತನೆಯವನಾದ ಚೌಡಣ್ಣ ಪುಸ್ತಕವನ್ನು ಹಾಗೇ ತಿರುವುತ್ತಿದ್ದ. ಇಪ್ಪತ್ತಮೂರನೇ ಪುಟದಲ್ಲಿ ಕಂಬಳಿ ಎಂಬ ಪದ ಕಂಡಿತು. ಅವನು ಸರಾಗವಾಗಿ ಗುರುತಿಸುತ್ತಿದ್ದ ಕೆಲವೇ ಪದಗಳಲ್ಲಿ ಅದು ಒಂದು. ಖುಷಿಯಿಂದಲೇ ಓದತೊಡಗಿದ.

"ಕಂಬಳಿಗೆ ತನ್ನದೇ ಆದ ಬಿಸಿ ಇಲ್ಲ. ಅದು ಬಿಸಿಯನ್ನು ಹಾದುಹೋಗಲು ಬಿಡದೆ ತಡೆಯುತ್ತದೆ, ಅಷ್ಟೆ. ಮಂಜುಗಡ್ಡೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಅದು ಬೇಗ ಕರಗದು."

ಎರಡು ಸಲ ಓದಿದ. ಪೆನ್ನನ್ನು ನಮೂನೆಯ ಮೇಲೆ ಅಡ್ಡ ಇಟ್ಟ.

"ಇದಕ್ಕ ನಾ ಸಹಿ ಹಾಕಂಗಿಲ್ಲ."

"ಯಾಕ ಮಾವ?" ಎಂದಳು ಸಂಗೀತಾ.

"ಕಂಬಳಿಗೆ ಕಾವಿಲ್ಲ ಅಂತ ಬರದಾರ. ನಮ್ಮಪ್ಪ ನೇದ, ನಮ್ಮಜ್ಜ ನೇದ. ಬೀರಪ್ಪ ದೇವ್ರ ಗದ್ದಿಗಿ ಮ್ಯಾಲೆ ಕಂಬಳಿ ಹಾಸ್ತೀವಿ. ಕಾವು ಇಲ್ದಿದ್ದು ಹಾಸ್ತೀವೇನು? ಐಸಿಗೆ ಕಂಬಳಿ ಹೊಚ್ಚಿದ್ರ ನೀರಾಗಿ ಹರೀತೈತಿ. ಇದು ಬರದೋನು ಕಂಬಳಿ ಹೊದ್ದೋನಲ್ಲ."

"ಸಹಿ ಹತ್ತು ಬೇಕು. ನೀ ಹಾಕದಿದ್ರ ಕೆಂಪುದು ಬರತೈತಿ," ಎಂದಳು ದ್ಯಾಮಕ್ಕ. ಕಚೇರಿಯಲ್ಲಿ ಕೆಂಪು ಪುಸ್ತಕದ ಕಟ್ಟುಗಳೇ ಹೆಚ್ಚು ಇರುವುದನ್ನು ಸಂಗೀತಾ ಮೊದಲೇ ಹೇಳಿದ್ದಳು.

"ಬರ್ಲಿ. ಅದು ನನಗ ತಿಳಿಯಂಗಿಲ್ಲ, ಆದ್ರ ಸುಳ್ಳು ಹೇಳಂಗಿಲ್ಲ."

ಗಾದೆಪ್ಪನಿಗೂ ಈಗ ಅನುಮಾನ ಹತ್ತಿತು. "ಚೌಡ ಹೇಳೋದ್ರಾಗ ಒಂದ್ ಮಾತೈತಿ. ಮಾಗಿ ಚಳ್ಯಾಗ ಕುರಿ ಹಟ್ಟಿ ಕಾದೋನು ನಾನು. ಕಂಬಳಿ ಬಿಸಿ ಇರತೈತಿ."

ದ್ಯಾಮಕ್ಕ ವಾದ ಮಾಡಲಿಲ್ಲ. ಮನೆಯಲ್ಲಿ ಇಡಲು ಜಾಗ ಕೂಡ ನೋಡಿಟ್ಟಿದ್ದ ಪುಸ್ತಕವನ್ನು ಗಂಡನ ಕೈಯಿಂದ ತೆಗೆದುಕೊಂಡು ಸಂಗೀತಾಳಿಗೆ ಕೊಟ್ಟಳು. ಕೊಡುವಾಗ ಬೆರಳು ಇಪ್ಪತ್ತಮೂರನೇ ಪುಟದಲ್ಲೇ ಇತ್ತು.

"ಸುಳ್ಳೋ ಖರೇನೋ ಅಂತ ಬಾಯಿಲೆ ಹೆಂಗ ಹೇಳ್ತೀರಿ," ಎಂದಳು ಸಂಗೀತಾ. "ಹೆಂಗ ಮಾಡ್ಬೇಕು ಅಂತ ಅದ್ರಾಗ ಬರದೈತಲ್ಲ. ಐಸ್ ತಂದು ಮಾಡಿ ನೋಡೋಣ. ಕಂಬಳ್ಯಾಗಿಂದು ಮೊದ್ಲು ಕರಗಿದ್ರ ನಾನ ಈ ನಮೂನಿ ಹರಿತೀನಿ. ಕರಗದಿದ್ರ ನೀವು ಸಹಿ ಹಾಕ್ರಿ."

ಚೌಡಣ್ಣ ಒಪ್ಪಿದ. ಒಂದು ಷರತ್ತು ಹಾಕಿದ: ಐಸ್ ತರುವವನು ತಾನೇ. ಬೇರೆಯವರು ತಂದರೆ ದಾರಿಯಲ್ಲಿ ಏನು ಮಾಡುತ್ತಾರೋ ಯಾರಿಗೆ ಗೊತ್ತು.

"ಕೂಡ್ಲಿಗ್ಯಾಗ ಆ ಹುಚ್ಚ ಕಂಡ್ರ ನಮಸ್ಕಾರ ಹೇಳು," ಎಂದು ಗಾದೆಪ್ಪ ನಕ್ಕ. ಎಲ್ಲರೂ ನಕ್ಕರು.

ಕೂಡ್ಲಿಗಿಯ ಹುಚ್ಚನ ಕಥೆ ಊರಿಗೆಲ್ಲ ಗೊತ್ತಿತ್ತು. ಆರು ವರ್ಷದ ಹಿಂದೆ ಇದೇ ಏಪ್ರಿಲ್‌ನಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ಕೂಡ್ಲಿಗಿಯ ಸಂತೆಯಲ್ಲಿ ಯಾರೋ ಒಬ್ಬನು ಚೌಡಣ್ಣನಿಂದ ಅತ್ಯಂತ ದಪ್ಪನೆಯ ಕಂಬಳಿಯನ್ನು ಕೊಂಡು, ಕೂಡಲೇ ಬೇಕೆಂದು ಹೆಗಲ ಮೇಲೆ ಹಾಕಿಕೊಂಡು ಓಡಿದ್ದ. ಚಳಿಜ್ವರವೋ ತಲೆ ಕೆಟ್ಟಿದೆಯೋ ಎಂದು ಚೌಡಣ್ಣ ಆರು ವರ್ಷ ಆ ಕಥೆ ಹೇಳಿ ಜನರನ್ನು ನಗಿಸಿದ್ದ.

ಶನಿವಾರ ಬೆಳಗಿನ ಬಸ್ಸಿಗೆ ಚೌಡಣ್ಣ ಮುಚ್ಚಳವಿದ್ದ ಒಂದು ಅಲ್ಯೂಮಿನಿಯಂ ಡಬರಿ ಹಿಡಿದು ಕೂಡ್ಲಿಗಿಗೆ ಹೋದ. ಕಂಬಳಿ ಒಯ್ಯಲಿಲ್ಲ, ಕಂಬಳಿ ತಾಗಿದರೆ ಐಸ್ ಊರು ಮುಟ್ಟುವುದಿಲ್ಲ ಎಂಬುದು ಅವನ ಲೆಕ್ಕ. ಬಸ್ ನಿಲ್ದಾಣದ ಹತ್ತಿರ ಉಜ್ಜಿನಪ್ಪನ ಸೋಡಾ ಅಂಗಡಿಯಲ್ಲಿ ಐಸ್ ಸಿಗುತ್ತದೆ ಎಂದು ಕಂಡಕ್ಟರ್ ಹೇಳಿದ.

"ಎರಡೆರಡು ಕಿಲೋದ್ದು ಎರಡು ಗಡ್ಡಿ ಕೊಡ್ರಿ," ಎಂದ ಚೌಡಣ್ಣ.

ಉಜ್ಜಿನಪ್ಪ ಅಂಗಡಿಯ ಹಿಂದಿನ ಮೂಲೆಗೆ ಹೋಗಿ ಕಟ್ಟಿಗೆಯ ಪೆಟ್ಟಿಗೆಯ ಮೇಲಿಂದ ಕರಿಯ ಹೊದಿಕೆಯೊಂದನ್ನು ಎಳೆದ. ಒಳಗೆ ಐಸಿನ ದೊಡ್ಡ ಗಡ್ಡೆ ಬೆಳ್ಳಗೆ ಕೂತಿತ್ತು. ಚೌಡಣ್ಣ ಐಸನ್ನು ನೋಡಲಿಲ್ಲ, ಹೊದಿಕೆಯ ಅಂಚನ್ನು ನೋಡಿದ. ಎರಡು ಬಿಳಿ ಗೆರೆ, ನಡುವೆ ಒಂದು ಕೆಂಪು. ಆ ಅಂಚು ನೇಯುವವನು ಆ ಸೀಮೆಯಲ್ಲಿ ಒಬ್ಬನೇ.

"ಇದು ನನ್ನ ಕಂಬಳಿ."

"ನಂದಪಾ," ಎಂದ ಉಜ್ಜಿನಪ್ಪ, ಐಸಿಗೆ ಉಳಿ ಹಚ್ಚುತ್ತ. "ತಗಂಡು ಆರು ವರ್ಷ ಆತು."

"ನೇದೋನು ನಾನ್ರಿ."

ಉಜ್ಜಿನಪ್ಪ ತಲೆ ಎತ್ತಿ ನೋಡಿದ. "ಹೌದಲ್ಲ, ನೀನ. ಗಟ್ಟಿ ಮಾಲು ನೋಡು. ಅವತ್ತು ಲಾರ್‍ಯಾಗ ಐಸ್ ಬಂದುಬಿಟ್ಟಿತ್ತು, ಹಳೇ ಕಂಬಳಿ ಇಲಿ ಕಡದಿದ್ವು. ನಿನ್ನ ಕಡೆ ತಗಂಡು ಓಡಿ ಬಂದೆ."

ಚೌಡಣ್ಣ ಡಬರಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಅಲ್ರಿ, ಕಂಬಳಿ ಹೊಚ್ಚಿದ್ರ ಐಸ್ ಕರಗಂಗಿಲ್ಲೇನ್ರಿ?"

"ಹೊಚ್ಚದಿದ್ರ ಕರಗತೈತಿ. ಸಂಜಿಮಟ ನಿಲ್ಲಬೇಕಲ್ಲ ಇದು."

"ಕಂಬಳಿಗೆ ಕಾವು ಇರತೈತಲ್ಲ."

"ಕಾವು ನಿನ್ನ ಮೈಯಾಗ ಐತಿ, ಅದಕ್ಕ ಹೊದ್ರ ಬೆಚ್ಚಗಾಗತೈತಿ. ಐಸಿನ ಮೈಯಾಗ ಎಲ್ಲೈತಿ ಕಾವು? ಅದಕ್ಕ ಬರೋದು ಹೊರಗಿನ ಬಿಸಿಲಿಂದ. ಅದನ್ನ ನಿನ್ನ ಕಂಬಳಿ ಒಳಗ ಬಿಡಂಗಿಲ್ಲ." ಉಜ್ಜಿನಪ್ಪ ತುಂಡುಗಳನ್ನು ತೂಗಿದ. "ಡಬರ್‍ಯಾಗ ಎಲ್ಲಿಗೆ ಒಯ್ತಿ?"

"ಗುಡೇಕೋಟಿಗೆ."

"ಹಂಗಾರ ನೀರು ಒಯ್ತಿ."

ಚೌಡಣ್ಣ ಡಬರಿಯೊಳಗೆ ನೋಡಿದ. ಡಬರಿಯಲ್ಲೇ ಒಯ್ದರೆ ನೀರಾಗುತ್ತದೆ, ಪರೀಕ್ಷೆ ನಡೆಯುವುದಿಲ್ಲ. ನಾಳೆ ಭಾನುವಾರ, ಸೋಮವಾರ ಗಡುವು. ಅವನು ಸೋತದ್ದು ಯಾರಿಗೂ ತಿಳಿಯುವುದಿಲ್ಲ. ದ್ಯಾಮಕ್ಕನ ಮನೆಗೆ ಕೆಂಪು ಪುಸ್ತಕ ಬರುತ್ತದೆ. ನಿನ್ನೆ ಅವಳು ಗಡಿಗೆಯ ಪುಟ ಮುಚ್ಚಿಟ್ಟು, ಇದು ಪುಸ್ತಕದಾಗಿಲ್ಲ, ನಾ ಹೇಳಿದ್ದು ಎಂದಾಗಿನ ಮುಖ ಅವನಿಗೆ ನೆನಪಾಯಿತು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಹತ್ತು ಜನರ ಮುಂದೆ ಹಾಗೆ ಮಾತಾಡಿದ್ದನ್ನು ಅವನು ನೋಡಿರಲಿಲ್ಲ.

"ಈ ಕಂಬಳಿ ಕೊಡ್ರಿ," ಎಂದ. "ಸೋಮವಾರ ಹೊಸಾದು ತಂದು ಕೊಡ್ತೀನಿ."

"ಹೊಸಾದು ಯಾಕ? ಇದನ್ನ ತಂದು ಕೊಡು."

"ಇದಕ್ಕ ಎರಡು ಕಡೆ ತೂತು ಬಿದ್ದೈತಿ. ನನ್ನ ಅಂಚಿಂದು ಹಿಂಗ ಇರಬಾರ್ದು."

ಉಜ್ಜಿನಪ್ಪ ಉಳಿದ ಐಸಿನ ಮೇಲೆ ದಪ್ಪಗೆ ಗೋಣಿಚೀಲ ಹೊದಿಸಿ ಕಂಬಳಿ ಕೊಟ್ಟ. ಗುಡೇಕೋಟೆ ದಾರಿಯಲ್ಲಿ ಬಸ್ಸಿನ ಟಯರ್ ಪಂಕ್ಚರ್ ಆಗಿ ಮುಕ್ಕಾಲು ತಾಸು ನಿಂತಿತು. ಚೌಡಣ್ಣ ಕಂಬಳಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ನಿಮಿಷಕ್ಕೊಮ್ಮೆ ಒಳಗೆ ಕೈ ಹಾಕಿ ನೋಡುತ್ತಿದ್ದ. ಪಕ್ಕದ ಸೀಟಿನ ಮುದುಕಿಗೆ ಕುತೂಹಲ ತಡೆಯಲಾಗಲಿಲ್ಲ.

"ಕೂಸಿಗೆ ಜ್ವರ ಏನಪಾ?"

"ಕೂಸಲ್ಲಬೇ, ಐಸ್."

"ಕಂಬಳ್ಯಾಗ ಐಸ? ತಲಿ ನೆಟ್ಟಗ ಐತೇನು ನಿನಗ?"

"ಕಾವು ನಿನ್ನ ಮೈಯಾಗ ಐತಿಬೇ," ಎಂದು ಚೌಡಣ್ಣ ಶುರು ಮಾಡಿದ. "ಕಂಬಳ್ಯಾಗ ಇಲ್ಲ. ಕಂಬಳಿ ಬಾಗಿಲು ಇದ್ದಂಗ. ನೀ ಒಳಗಿದ್ರ ನಿನ್ನ ಕಾವು ಹೊರಗ ಬಿಡಂಗಿಲ್ಲ, ಐಸ್ ಒಳಗಿದ್ರ ಬಿಸಿಲಿನ ಕಾವು ಒಳಗ ಬಿಡಂಗಿಲ್ಲ. ಉಣ್ಣೆ ಎಳಿ ನಡುವಿನ ಗಾಳಿ ಹಿಡಕಂಡು ಕುಂತಿರತೈತಿ." ಗಾಳಿಯ ಮಾತು ಉಜ್ಜಿನಪ್ಪ ಹೇಳಿದ್ದಲ್ಲ. ಇಪ್ಪತ್ತಮೂರನೇ ಪುಟದ ಕೊನೆಯ ಸಾಲಿನಲ್ಲಿತ್ತು. ಸಿಟ್ಟಿನಲ್ಲಿ ಓದಿದ್ದು ತಲೆಯಲ್ಲಿ ಉಳಿದಿತ್ತು.

ಮುದುಕಿ ಗಂಟಿನೊಳಗೆ ಕೈ ಹಾಕಿ ಮುಟ್ಟಿ ನೋಡಿದಳು. "ಹೌದು ಬಿಡು," ಎಂದಳು.

ಮಧ್ಯಾಹ್ನ ಎರಡೂವರೆಗೆ ಕಟ್ಟೆಯ ಮೇಲೆ ಪರೀಕ್ಷೆ ಶುರುವಾಯಿತು. ಎರ್ರೆಮ್ಮ ಅಂಗಡಿಯ ತಕ್ಕಡಿ ತಂದಿದ್ದಳು. ಎರಡು ತಟ್ಟೆಗಳಲ್ಲಿ ಎರಡು ಗಡ್ಡೆ ಇಟ್ಟು, ದೊಡ್ಡದರ ಮೂಲೆಯನ್ನು ಕೆತ್ತಿ ಕೆತ್ತಿ ಸಮ ಮಾಡಿದರು. ಒಂದನ್ನು ತಾಟಿನಲ್ಲಿ ಹಾಗೇ ಇಟ್ಟರು. ಇನ್ನೊಂದನ್ನು ಕಂಬಳಿಯಲ್ಲಿ ನಾಲ್ಕು ಸುತ್ತು ಸುತ್ತಿ ಅಂಥದೇ ತಾಟಿನಲ್ಲಿ, ಅದೇ ನೆರಳಿನಲ್ಲಿ ಇಟ್ಟರು. ಎರಡು ತಾಸು ಯಾರೂ ಮುಟ್ಟಬಾರದು ಎಂದು ಸಂಗೀತಾ ಹೇಳಿದಳು.

ಗಾದೆಪ್ಪ ಚೌಡಣ್ಣನ ಪಕ್ಕ ಕೂತ. "ಒಂದು ತಾಸಿನ್ಯಾಗ ಕಂಬಳ್ಯಾಗಿಂದು ಖಾಲಿ. ಏನಂತೀಯಲೇ?"

ಚೌಡಣ್ಣ ಕನ್ನಡಕ ತೆಗೆದು ಒರೆಸತೊಡಗಿದ.

"ಲೇ ಚೌಡ, ನಿನ್ನ ಬಾಯಾಗೂ ಐಸ್ ಇಟ್ಟಾರೇನು?"

ದ್ಯಾಮಕ್ಕ ಕಂಬಳಿಯ ಅಂಚನ್ನು ನೋಡುತ್ತಿದ್ದಳು. ಆ ಕೆಂಪು ನೂಲಿಗೆ ಬಣ್ಣ ಹಾಕಿದವಳು ಅವಳೇ. ಗಂಡನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ನೀ ಹೋಗುವಾಗ ಡಬರಿ ಒಯ್ದಿ. ಈ ಕಂಬಳಿ ಯಾರದು?"

"ಕೂಡ್ಲಿಗಿ ಹುಚ್ಚಂದು."

"ಆತ ಏನು ಮಾಡ್ತಾನ?"

"ಸೋಡಾ ಅಂಗಡಿ ಇಟ್ಟಾನ. ಐಸ್ ಮಾರ್ತಾನ."

ದ್ಯಾಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಮಾತ್ರ ಅಲುಗುತ್ತಿತ್ತು. "ಆರು ವರ್ಷ," ಎಂದಳು, ಸ್ವಲ್ಪ ಹೊತ್ತಿನ ಮೇಲೆ. "ಆರು ವರ್ಷ ಊರೆಲ್ಲ ಹೇಳ್ಕಂತ ತಿರುಗಿದಿ."

"ನಗಬ್ಯಾಡ. ನಗು ಕೇಳಿ ಗಾದೆಪ್ಪ ಬರ್ತಾನ."

ನಾಲ್ಕೂವರೆಗೆ ತೆರೆದ ತಾಟಿನಲ್ಲಿ ಗಡ್ಡೆ ಅರ್ಧಕ್ಕೆ ಇಳಿದು, ಸುತ್ತ ನೀರು ನಿಂತಿತ್ತು. ಕಂಬಳಿಯ ತಾಟಿನಲ್ಲಿ ನೀರೇ ಇರಲಿಲ್ಲ. ಗಾದೆಪ್ಪ ಸುಲಭಕ್ಕೆ ಬಿಡುವವನಲ್ಲ. "ನೀರು ಕಂಬಳಿ ಕುಡದೈತಿ. ಬಿಚ್ರಿ, ಒಳಗ ಏನೂ ಇರಂಗಿಲ್ಲ" ಎಂದ. ಆಕ್ಷೇಪ ನ್ಯಾಯವಾದದ್ದೇ, ಕಂಬಳಿ ಕೆಳಗಡೆ ಒದ್ದೆಯಾಗಿತ್ತು. ನೀರು ನೋಡಿ ತೀರ್ಮಾನ ಬೇಡ, ಐಸನ್ನೇ ತೂಗೋಣ ಎಂದಳು ಸಂಗೀತಾ. ಕಂಬಳಿ ಬಿಚ್ಚಿ ಎರಡು ಗಡ್ಡೆಗಳನ್ನು ಮತ್ತೆ ತಕ್ಕಡಿಗೆ ಹಾಕಿದರು. ಕಂಬಳಿಯೊಳಗಿನ ಗಡ್ಡೆಯ ತಟ್ಟೆ ಠಪ್ಪೆಂದು ಕಟ್ಟೆಗೆ ಬಡಿಯಿತು.

ಗಾದೆಪ್ಪ ತಕ್ಕಡಿಯ ಮುಳ್ಳು ನೋಡಿದ, ಐಸ್ ನೋಡಿದ, ಚೌಡಣ್ಣನನ್ನು ನೋಡಿದ. "ನಿನಗ ಮೊದ್ಲ ಗೊತ್ತಿತ್ತು."

"ಬಸ್ಸಿನ್ಯಾಗ ಒಬ್ಬ ಅಜ್ಜಿಗೆ ಹೇಳಿಕೊಟ್ಟು ಬಂದೀನಿ," ಎಂದ ಚೌಡಣ್ಣ. ಆಮೇಲೆ ಎಲ್ಲರ ಮುಂದೆ ಸೋಡಾ ಅಂಗಡಿಯ ಕಥೆ ಹೇಳಿದ. ಹುಚ್ಚ ಯಾರು ಎಂಬ ಭಾಗವನ್ನೂ ಬಿಡಲಿಲ್ಲ. ಆ ಕಥೆಗೆ ಹಿಂದಿನ ಆರು ವರ್ಷದಲ್ಲಿ ಯಾವತ್ತೂ ಅಷ್ಟು ನಗು ಬಿದ್ದಿರಲಿಲ್ಲ.

"ಓದಿದ್ದು ಇನ್ನೊಬ್ರಿಗೆ ಹೇಳಾಕ ಬಂತಲ್ಲ," ಎಂದಳು ದ್ಯಾಮಕ್ಕ. "ಹಲ್ಲು ನೋಡಿದ್ದು ಆತು. ಹಾಕು ಸಹಿ."

ಚೌಡಣ್ಣ ಕನ್ನಡಕ ಏರಿಸಿ, ಹತ್ತನೇ ಗೆರೆಯ ಮೇಲೆ ತನ್ನ ಹೆಸರು ಬರೆದ. ಪೆನ್ನು ಕೊಡುವ ಮೊದಲು ಕೇಳಿದ: "ಸಲಹೆಗಳು ಅಂತ ಕೆಳಗ ಜಾಗ ಬಿಟ್ಟಾರಲ್ಲ, ಅದ್ರಾಗ ಏನರ ಬರೀಬೋದೇನು?"

"ಬರೀಬೋದು ಮಾವ. ಹೇಳ್ರಿ, ನಾ ಬರಿತೀನಿ."

"ಇಪ್ಪತ್ತಮೂರನೇ ಪುಟದಾಗ ಬರದಿದ್ದು ಸರಿ ಐತಿ. ಚಿತ್ರ ತಪ್ಪೈತಿ. ಅದು ಕಂಬಳಿ ಅಲ್ಲ, ಮಿಲ್ಲಿನ ರಗ್ಗು. ಚೌಕಳಿ ಹಾಕ್ಯಾರ, ಕುಚ್ಚು ಬಿಟ್ಟಾರ. ಕಂಬಳಿ ಹೆಂಗಿರತೈತಿ ಅಂತ ಬೇಕಿದ್ರ ಗುಡೇಕೋಟಿಗೆ ಬಂದು ನೋಡಿ ಬರೀಲಿ."

ಸಂಗೀತಾ ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆದಳು. ಚೌಡಣ್ಣ ಓದಿಸಿಕೊಂಡು, "ಕುಚ್ಚು ಬಿಟ್ಟಿ" ಎಂದ. ಕುಚ್ಚನ್ನೂ ಸೇರಿಸಿದಳು.

ಉಳಿದ ಐಸಿನ ಮೇಲೆ ಎರ್ರೆಮ್ಮನ ಅಂಗಡಿಯ ನಿಂಬೆಹಣ್ಣು, ಸಕ್ಕರೆ ಬಂದವು. ಹನ್ನೊಂದು ಲೋಟ ಶರಬತ್ತಾಯಿತು. ಕಂಬಳಿಯಲ್ಲಿದ್ದ ಐಸ್ ಹಾಕಿದ್ದೇ ಬೇಕೆಂದು ಗಾದೆಪ್ಪ ಹಟ ಹಿಡಿದ. ದ್ಯಾಮಕ್ಕ ತನ್ನ ಲೋಟವನ್ನು ಕಟ್ಟೆಯ ಮೇಲಿಟ್ಟು ಹಳದಿ ಪುಸ್ತಕ ತೆಗೆದಿದ್ದಳು. ಪ್ರತಿಗಳು ಬರಲು ಇನ್ನೂ ಎರಡು ತಿಂಗಳಾಗುತ್ತದೆ, ಸೋಮವಾರದವರೆಗೆ ಇದಾದರೂ ಇರುತ್ತದಲ್ಲ ಎಂದು. ತಣ್ಣನೆಯ ಲೋಟದ ಹೊರಮೈ ಒದ್ದೆಯಾಗಿತ್ತು. ಲೋಟ ತೂತಿಲ್ಲದ ಸ್ಟೀಲಿನದು. ಅವಳು ಅದನ್ನು ಎತ್ತಿ, ತಿರುಗಿಸಿ, ತಳ ಮುಟ್ಟಿ ನೋಡಿದಳು.

"ಇದಕ್ಕ ನೀರು ಎಲ್ಲಿಂದ ಬಂತು?" ಎಂದಳು ಗಂಡನಿಗೆ.

ಚೌಡಣ್ಣನೂ ತನ್ನ ಲೋಟ ತಿರುಗಿಸಿ ನೋಡಿದ. "ಮುಂದಿನ ಹಾಳಿ ತಿರುವು," ಎಂದ.

ಅವಳು ಇಪ್ಪತ್ತನಾಲ್ಕನೇ ಪುಟ ತೆಗೆದು, ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು.